ವಾದಕ ಕೂರುವ ಪೆಟ್ಟಿಗೆಯೂ ವಾದ್ಯದ ಭಾಗ

ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರ ಮೈಯಲ್ಲಿ ಬಿಡುವಾಗಿರುವ ಅಂಗ ಒಂದೂ ಇಲ್ಲ. ಬಲಗೈಯ ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಪಿಕ್ ತೊಟ್ಟು ತಂತಿ ಮೀಟಬೇಕು. ಎಡಗೈಯಲ್ಲಿ 200 ಗ್ರಾಂ ದಾಟುವ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸಬೇಕು. ಎಡಗಾಲು ಶ್ರುತಿ ಬದಲಿಸುವ ಪೆಡಲ್‌ಗಳ ಮೇಲೆ, ಬಲಗಾಲು ಸದ್ದು ಏರಿಸಿ ಇಳಿಸುವ ವಾಲ್ಯೂಮ್ ಪೆಡಲ್ ಮೇಲೆ. ಎರಡೂ ಮೊಣಕಾಲು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಒತ್ತುತ್ತ ಗಿಟಾರಿನ ಅಡಿಯ ಲಿವರ್‌ಗಳನ್ನು ಸರಿಸುತ್ತಿರಬೇಕು. ಪಾದ ಊರಿ ಮೈಭಾರವನ್ನು ನೆಲಕ್ಕೆ ಇಳಿಸುವಂತೆಯೇ ಇಲ್ಲ. ಅಷ್ಟೂ ಭಾರ ಕೂತ ಪೀಠದ ಮೇಲೆ.

ಅದಕ್ಕೇ ಈ ವಾದ್ಯದವರು ಪೀಠದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಂಘಟಕರು ತಂದಿಟ್ಟ ಪ್ಲಾಸ್ಟಿಕ್ ಕುರ್ಚಿ ಅವರಿಗೆ ಆಗದು. ಎತ್ತರದಲ್ಲಿ ಒಂದು ಇಂಚು ಹೆಚ್ಚುಕಡಿಮೆಯಾದರೂ ಮೊಣಕಾಲು ಲಿವರಿಗೆ ಸರಿಯಾಗಿ ತಾಗುವುದಿಲ್ಲ, ಪೆಡಲ್ ಮೇಲಿನ ಹಿಡಿತ ತಪ್ಪುತ್ತದೆ. ಹಾಗಾಗಿ ತಮ್ಮ ಪೀಠವನ್ನು ತಾವೇ ಹೊತ್ತು ತರುತ್ತಾರೆ. ಹೇಗೂ ಹೊರುವ ಪೀಠ ಟೊಳ್ಳಾಗಿದ್ದರೆ ಒಳಗೆ ಸಾಮಾನು ಇಡಬಹುದಲ್ಲ ಎಂಬ ಯೋಚನೆಯಿಂದ ಮುಚ್ಚಳವಿರುವ ಪೆಟ್ಟಿಗೆ-ಪೀಠ ಬಳಕೆಗೆ ಬಂತು. ಅದರಲ್ಲಿ ಕೇಬಲ್, ಬಾರ್, ಪಿಕ್, ಬಿಡಿ ತಂತಿ ಇಟ್ಟುಕೊಳ್ಳುವುದು ವಾಡಿಕೆ. ಇನ್ನೂ ಮುಂದೆ ಹೋದ ವಾದಕರು ಪ್ರೀಆಂಪ್, ಟ್ಯೂನರ್, ರಿವರ್ಬ್, ಡಿಲೇ, ಕೊನೆಗೆ ಆಂಪ್ಲಿಫೈಯರನ್ನೂ ಅದರೊಳಗೇ ಕಾಯಂ ಕೂರಿಸಿಕೊಂಡರು. ವೇದಿಕೆಗೆ ಬಂದು ಎರಡು ಕೇಬಲ್ ಸಿಕ್ಕಿಸಿದರೆ ಎಲ್ಲ ಸಿದ್ಧ.

ಅಮೆರಿಕದ ಕಂಟ್ರಿ ಸಂಗೀತದಿಂದ ಬಂದ ಈ ಉಪಾಯವನ್ನು ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿಯಿಂದ ನೋಡಲು ಕಾರಣವಿದೆ. ಪೀಣ್ಯ, ಚಿಕ್ಕಬಿದರಕಲ್ಲು, ಮಾದಾವರ ದಾಟಿ ನೆಲಮಂಗಲದ ಕಡೆಗೆ ಹೊರಟರೆ ಸಿಗುವ ಊರು ಇದು. ಹಿಮಾಲಯ ಔಷಧ ಕಂಪನಿಯ ವಿಳಾಸವಾಗಿ ದೇಶಕ್ಕೆಲ್ಲ ಗೊತ್ತು. 2024ರ ನವೆಂಬರ್‌ನಲ್ಲಿ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ನಗರಕ್ಕೆ ಇನ್ನಷ್ಟು ಹತ್ತಿರವಾಗಿದೆ. ಶೀಟ್ ಮೆಟಲ್ ಕತ್ತರಿಸಿ ಬಗ್ಗಿಸುವವರು, ಲೇತ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಕಡೆಯುವವರು, ಪೌಡರ್ ಕೋಟಿಂಗ್ ಮಾಡುವವರು, ಟ್ರಾನ್ಸ್‌ಫಾರ್ಮರ್ ಸುತ್ತುವವರು ಎಲ್ಲರೂ ಈ ರಸ್ತೆಯ ಆಸುಪಾಸಿನಲ್ಲೇ ಸಿಗುತ್ತಾರೆ. ಇಂಥ ಪೀಠವೊಂದನ್ನು ಇಲ್ಲೇ ಮಾಡಬಹುದು, ಅದೂ ನಮ್ಮ ಸಂಗೀತಗಾರರು ಕೂರುವ ರೀತಿಗೆ ಒಪ್ಪುವಂತೆ ಮಾಡಬಹುದು, ಮಾಡಬೇಕು ಎಂಬುದು ಈ ಲೇಖನದ ವಾದ.

ಜಾರುವ ಸ್ವರದ ದಾರಿ

ತಂತಿಯನ್ನು ಬೆರಳಿನಿಂದ ಒತ್ತದೆ ಲೋಹ ಜಾರಿಸಿ ಗಿಟಾರ್ ನುಡಿಸುವ ಕ್ರಮವನ್ನು ರೂಪಿಸಿದ ಹೆಗ್ಗಳಿಕೆ ಹವಾಯಿಯ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಈ ಕ್ರಮ 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕದ ತುಂಬ ಹರಡಿತು. ತೊಡೆಯ ಮೇಲೆ ಮಲಗಿಸಿ ನುಡಿಸುವ ಈ ಗಿಟಾರಿನ ದನಿ ದೊಡ್ಡ ವಾದ್ಯವೃಂದದ ನಡುವೆ ಕೇಳುತ್ತಿರಲಿಲ್ಲ. ಆ ಕೊರತೆ ನೀಗಿಸಲು ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1930ರ ದಶಕದ ಆರಂಭದಲ್ಲಿ ಕಾಂತದ ಪಿಕಪ್ ಇರುವ ಗಿಟಾರ್ ತಂದರು. ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಾದ ಅದಕ್ಕೆ 1937ರಲ್ಲಿ ಪೇಟೆಂಟ್ ಸಿಕ್ಕಿತು. ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆ ಶುರುವಾಗುವುದೇ ಈ ಸ್ಟೀಲ್ ಗಿಟಾರಿನಿಂದ. ಮುಂದೆ ಕಾಲಲ್ಲಿ ಒತ್ತಿ ತಂತಿಯ ಶ್ರುತಿ ಬದಲಿಸುವ ಪೆಡಲ್‌ಗಳು ಸೇರಿದವು. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ನುಡಿಸಿದ ಪೆಡಲ್ ಸ್ಟೀಲ್ ಕೇಳಿದ ಮೇಲೆ ನ್ಯಾಶ್‌ವಿಲ್‌ನ ವಾದಕರು ಆ ಕಡೆಗೇ ತಿರುಗಿದರು.

ನಮ್ಮಲ್ಲಿಗೂ ಈ ವಾದ್ಯ ಬೇಗ ಬಂತು. 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಹವಾಯಿಯ ಟೌ ಮೋ ಅನೇಕರಿಗೆ ಕಲಿಸಿದರು. ಮುಂಬೈಯ ಚಿತ್ರಸಂಗೀತದಲ್ಲಿ ವ್ಯಾನ್ ಶಿಪ್ಲಿ ಹೆಸರು ಮಾಡಿದರು. ಬ್ರಿಜ್‌ಭೂಷಣ್ ಕಾಬ್ರಾ ಇದನ್ನು ರಾಗಸಂಗೀತದ ವಾದ್ಯವಾಗಿ ನೆಲೆಗೊಳಿಸಿದರು. ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರ ಜತೆ 1967ರಲ್ಲಿ ಅವರು ತಂದ ‘ಕಾಲ್ ಆಫ್ ದಿ ವ್ಯಾಲಿ’ ಇಂದಿಗೂ ಮನೆಮನೆಯ ಧ್ವನಿಮುದ್ರಿಕೆ. ಮೋಹನವೀಣೆಯ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ನಮ್ಮ ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಹಿಂದೂಸ್ತಾನಿ ಸಂಗೀತವನ್ನು ಸ್ಲೈಡ್ ಗಿಟಾರಿನಲ್ಲಿ ನುಡಿಸುತ್ತ ಬಂದಿದ್ದಾರೆ.

ಕನ್ನಡ ನಾಡಿಗೆ ಜಾರುವ ಸ್ವರ ಹೊಸದೇನೂ ಆಗಿರಲಿಲ್ಲ. ಮೆಟ್ಟಿಲುಗಳಿಲ್ಲದ ವೀಣೆಯ ಮೇಲೆ ನುಣುಪಾದ ಕರಿಮರದ ತುಂಡು ಜಾರಿಸಿ ನುಡಿಸುವ ಗೋಟುವಾದ್ಯಕ್ಕೆ ಮೈಸೂರು ಅರಮನೆ ಆಸರೆ ಕೊಟ್ಟಿತ್ತು. ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ ಅಲ್ಲಿನ ಆಸ್ಥಾನ ವಿದ್ವಾಂಸರು. ಅವರ ಮೊಮ್ಮಗ, 1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ರವಿಕಿರಣ್, ಮರದ ತುಂಡಿನ ಬದಲು ಟೆಫ್ಲಾನ್ ಬಳಸಿದರು. ತಂತಿಯ ಮೇಲೆ ಜಾರುವ ವಸ್ತು ಬದಲಾದರೆ ನಾದ ಬದಲಾಗುತ್ತದೆ ಎಂಬುದು ಈ ಪರಂಪರೆಗೆ ಚೆನ್ನಾಗಿ ಗೊತ್ತು. ಕೂರುವ ಜಾಗಕ್ಕೂ ಅದೇ ಗಮನ ಸಲ್ಲಬೇಕು.

ಅರ್ಧ ಮೀಟರಿನ ಲಾಭ

ಪೀಠದೊಳಗೆ ಸಲಕರಣೆ ಕೂರಿಸುವುದರಿಂದ ಸಾಮಾನು ಸಾಗಿಸುವ ಶ್ರಮ ಉಳಿಯುತ್ತದೆ ಎಂಬುದು ಎಲ್ಲರ ಕಣ್ಣಿಗೂ ಬೀಳುವ ಅನುಕೂಲ. ಗಿಟಾರ್ ವಾದಕರ ಮೆಚ್ಚಿನ ಫೆಂಡರ್ ಟ್ವಿನ್ ರಿವರ್ಬ್ ಆಂಪ್ಲಿಫೈಯರ್ ಒಂದೇ ಸುಮಾರು 29 ಕಿಲೋ ತೂಗುತ್ತದೆ. ಅದನ್ನು ಎತ್ತಿ ಇಳಿಸಿ ಸೊಂಟ ಹಿಡಿಸಿಕೊಂಡವರಿಗೆ ಹಗುರವಾದ ವ್ಯವಸ್ಥೆ ಎಂದರೆ ಸಂತೋಷವೇ. ಆದರೆ ನಾದದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಲಾಭವೊಂದಿದೆ.

ಕಾಂತದ ಪಿಕಪ್ ಎಂದರೆ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಅದರಿಂದ ಹೊರಬರುವ ಸಿಗ್ನಲ್ ಬಹಳ ಸೂಕ್ಷ್ಮ. ಅದನ್ನು ಸಾಗಿಸುವ ಕೇಬಲ್ ಒಂದು ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಸೇರಿಸುತ್ತದೆ. ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಕೂಡಿದಾಗ ಒಂದು ಕಂಪನಾಂಕದಲ್ಲಿ ಸದ್ದು ಉಬ್ಬಿ, ಅದರ ಮೇಲಿನದೆಲ್ಲ ಕುಗ್ಗಿಹೋಗುತ್ತದೆ. ಉದಾಹರಣೆಗೆ ಪಿಕಪ್ಪಿನ ಇಂಡಕ್ಟೆನ್ಸ್ 5 ಹೆನ್ರಿ, ಅದರ ಸ್ವಂತ ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್ ಎಂದುಕೊಳ್ಳೋಣ. 6 ಮೀಟರ್ ಕೇಬಲ್ ಹಾಕಿದರೆ ಆ ಗಡಿ 2,700 ಹರ್ಟ್ಜ್ ಸುತ್ತಮುತ್ತ ಬರುತ್ತದೆ. ಕೇಬಲ್ಲನ್ನು 1 ಮೀಟರಿಗೆ ಇಳಿಸಿದರೆ ಗಡಿ 5,000 ಹರ್ಟ್ಜ್ ಮುಟ್ಟುತ್ತದೆ. ಸ್ವರದ ಹೊಳಪು, ತಂತಿಗೆ ಪಿಕ್ ತಾಗಿದ ಆ ಮೊದಲ ಸೂಕ್ಷ್ಮ, ಬಾರ್ ಹೊರಳಿದಾಗಿನ ನವಿರು ಎಲ್ಲ ಇರುವುದು ಈ ಎರಡು ಅಂಕಿಗಳ ನಡುವಿನ ಜಾಗದಲ್ಲೇ.

ಗಿಟಾರಿನಿಂದ ಪೀಠಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು ದೂರ. ಪಿಕಪ್ಪಿನ ಸಿಗ್ನಲ್ ಮೊದಲು ಪೀಠದೊಳಗಿನ ಬಫರ್ ಪ್ರೀಆಂಪಿಗೆ ಹೋಗಬೇಕು. ಅಲ್ಲಿಂದ ಬಲಗಾಲಿನ ವಾಲ್ಯೂಮ್ ಪೆಡಲ್, ಮತ್ತೆ ಪೀಠಕ್ಕೆ ಬಂದು ರಿವರ್ಬ್ ಮತ್ತು ಡಿಲೇ, ಕೊನೆಗೆ ಆಂಪ್ಲಿಫೈಯರ್. ಬಫರ್ ದಾಟಿದ ಸಿಗ್ನಲ್ ಗಟ್ಟಿಮುಟ್ಟು. ಅದನ್ನು ಇಪ್ಪತ್ತು ಮೀಟರ್ ಒಯ್ದರೂ ಹೊಳಪು ಹೋಗದು. ಹೀಗಾಗಿ ಪೀಠದೊಳಗೆ ಒಂದೇ ಒಂದು ಸಲಕರಣೆ ಇಡಲು ಜಾಗವಿದ್ದರೆ ಅದು ಬಫರ್ ಆಗಿರಬೇಕು. ಬೆಂಕಿಪೊಟ್ಟಣದಷ್ಟು ಜಾಗ ಅದಕ್ಕೆ ಸಾಕು.

ವಾಲ್ಯೂಮ್ ಪೆಡಲ್ ಬಗ್ಗೆ ಒಂದು ಮಾತು. ಸದ್ದು ಜೋರು ಮಾಡಲಷ್ಟೇ ಅದು ಇರುವುದಲ್ಲ. ಮೀಟಿದ ತಂತಿಯ ದನಿ ಕ್ಷಣಕ್ಷಣಕ್ಕೂ ಇಳಿಯುತ್ತದೆ. ನುರಿತ ವಾದಕರು ಪೆಡಲ್ಲನ್ನು ಅರ್ಧ ಒತ್ತಿ ಮೀಟು ಹಾಕುತ್ತಾರೆ, ತಂತಿ ಕ್ಷೀಣಿಸುತ್ತ ಹೋದಂತೆ ಪಾದವನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸುತ್ತಾರೆ. ಸ್ವರ ಹಾಡುಗಾರರ ಉಸಿರಿನಷ್ಟು ಉದ್ದ ನಿಲ್ಲುತ್ತದೆ. ಆ ಪಾದ ಅಷ್ಟು ನಾಜೂಕಾಗಿ ಚಲಿಸಬೇಕಾದರೆ ಪೀಠ ಎಳ್ಳಷ್ಟೂ ಅಲುಗಬಾರದು. ಒಳಗೆ ಎಷ್ಟೇ ಒಳ್ಳೆಯ ಎಲೆಕ್ಟ್ರಾನಿಕ್ಸ್ ಇದ್ದರೂ ಕೂತವರು ಹೊರಳಿದಾಗ ಕಿರುಗುಟ್ಟುವ ಪೆಟ್ಟಿಗೆ ವಾದ್ಯಕ್ಕೆ ಮುಳುವು.

ಗುಂಯ್ ಎನ್ನುವ ಪಂಚಮ

ಇನ್ನು ಕಷ್ಟಗಳಿಗೆ ಬರೋಣ. ಮೊದಲನೆಯದು ಹಮ್, ಅಂದರೆ ಕರೆಂಟಿನ ಗುಂಯ್‌ಗುಡುವಿಕೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಅದನ್ನು ಡಿಸಿಗೆ ತಿರುಗಿಸಿದಾಗ ಉಳಿಯುವ ಅಲೆ 100 ಹರ್ಟ್ಜ್. ಈಗ ಶ್ರುತಿಯ ಲೆಕ್ಕ ನೋಡಿ. ಒಂದು ಮನೆ ಶ್ರುತಿ, ಯಕ್ಷಗಾನದವರ ಮಾತಿನಲ್ಲಿ ಬಿಳಿ ಒಂದು, ಅದರ ಮಂದ್ರ ಪಂಚಮ ಸುಮಾರು 98 ಹರ್ಟ್ಜ್. ಆ ಶ್ರುತಿಗೆ ಕೂಡಿಸಿದ ವಾದ್ಯದ ಪಕ್ಕದಲ್ಲಿ 100 ಹರ್ಟ್ಜಿನ ಹಮ್ ಎದ್ದರೆ ಅದು ಸ್ವಲ್ಪ ಏರಿದ ಪಂಚಮವಾಗಿ ಕೇಳುತ್ತದೆ. ತಂಬೂರಿಯ ಪಂಚಮಕ್ಕೂ ಅದಕ್ಕೂ ಸೆಕೆಂಡಿಗೆ ಎರಡು ಸಲ ತಿಕ್ಕಾಟ. ಶ್ರುತಿಗೆ ಕಿವಿಗೊಟ್ಟು ಕೂತ ವಾದಕರಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಪಾಶ್ಚಾತ್ಯ ವೇದಿಕೆಯಲ್ಲಿ ಡ್ರಮ್ಸ್ ಅಬ್ಬರದಲ್ಲಿ ಮುಚ್ಚಿಹೋಗುವ ಹಮ್ ನಮ್ಮ ಆಲಾಪನೆಯ ಮೌನದಲ್ಲಿ ಬೆತ್ತಲೆಯಾಗಿ ನಿಲ್ಲುತ್ತದೆ.

ಪೀಠದೊಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಈ ಅಪಾಯ ಹೆಚ್ಚು. ಟ್ರಾನ್ಸ್‌ಫಾರ್ಮರಿನ ಸುತ್ತ ಸೋರುವ ಕಾಂತಕ್ಷೇತ್ರವನ್ನು ಪಿಕಪ್ಪಿನ ಸುರುಳಿ ತಂತಿಯ ಕಂಪನವೆಂದೇ ಹಿಡಿದುಬಿಡುತ್ತದೆ. ಇದಕ್ಕೆ ಮದ್ದು ದೂರ ಮತ್ತು ದಿಕ್ಕು. ದೂರ ಇಮ್ಮಡಿಯಾದರೆ ಆ ಕ್ಷೇತ್ರ ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪೆಡಲ್ ಸ್ಟೀಲಿನಲ್ಲಿ ಪಿಕಪ್ ಇರುವುದು ವಾದಕರ ಬಲಗಡೆ. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಪೀಠದ ಎಡ ಹಿಂಭಾಗದ ಮೂಲೆಗೆ ಹೋಗಬೇಕು. ಚೌಕದ ಟ್ರಾನ್ಸ್‌ಫಾರ್ಮರಿಗಿಂತ ಬಳೆಯಾಕಾರದ ಟೊರಾಯ್ಡ್ ಕಡಿಮೆ ಸೋರುತ್ತದೆ. ಬೋಲ್ಟ್ ಬಿಗಿಯುವ ಮೊದಲು ಆಂಪ್ಲಿಫೈಯರ್ ಚಾಲೂ ಮಾಡಿ, ಗಿಟಾರನ್ನು ನುಡಿಸುವ ಜಾಗದಲ್ಲೇ ಇಟ್ಟು, ಟ್ರಾನ್ಸ್‌ಫಾರ್ಮರನ್ನು ಮೆಲ್ಲಗೆ ತಿರುಗಿಸುತ್ತ ಕೇಳಬೇಕು. ಹಮ್ ಅತಿ ಕಡಿಮೆಯಾಗುವ ಕೋನವೊಂದು ಸಿಕ್ಕೇ ಸಿಗುತ್ತದೆ. ಅಲ್ಲಿ ಗುರುತು ಹಾಕಿ ಬಿಗಿಯಬೇಕು.

ಮೇನ್ಸ್ ಸಹವಾಸವೇ ಬೇಡವೆಂದರೆ ಬ್ಯಾಟರಿ ಇದೆ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಶಕ್ತಿ ಇರುತ್ತದೆ. ಬ್ಯಾಟರಿ ಬಾಳಿಕೆ ಬರಲಿ ಎಂದು ಅರ್ಧವನ್ನಷ್ಟೇ ಬಳಸಿದರೂ, ಸರಾಸರಿ 15 ವಾಟ್ ಎಳೆಯುವ ಸಣ್ಣ ಆಂಪ್ಲಿಫೈಯರನ್ನು ಎರಡೂ ಮುಕ್ಕಾಲು ಗಂಟೆ ನಡೆಸಬಹುದು. ಒಂದು ಕಚೇರಿಗೆ ಅಷ್ಟು ಸಾಕು. ತೂಕ ಎರಡೂವರೆ ಕಿಲೋ ಒಳಗೆ. ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟರೆ ಪೀಠ ಇನ್ನಷ್ಟು ಕದಲದೆ ಕೂರುತ್ತದೆ.

ಶಾಖ, ಸದ್ದು ಮತ್ತು ಶಾಕ್

ಹಳೆಯ ಮಾದರಿಯ ಆಂಪ್ಲಿಫೈಯರ್ 100 ವಾಟ್ ಹೊರಗೆ ಕೊಡುವಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಶಾಖವಾಗಿ ಚೆಲ್ಲುತ್ತದೆ. ಮೇಲೆ ದಪ್ಪ ಸ್ಪಂಜಿನ ದಿಂಬು, ಅದರ ಮೇಲೆ ಮನುಷ್ಯ, ಸುತ್ತ ಮರ. ಶಾಖ ಹೋಗುವುದಾದರೂ ಎಲ್ಲಿಗೆ? ಈ ಉಪಾಯ ಹಿಂದೆಯೇ ಹೊಳೆದಿದ್ದರೂ ಈಗಷ್ಟೇ ಸಲೀಸಾಗಿರುವುದಕ್ಕೆ ಕಾರಣ ಕ್ಲಾಸ್-ಡಿ ಆಂಪ್ಲಿಫೈಯರ್. ಅದು ಪಡೆದ ಶಕ್ತಿಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲನ್ನು ಸ್ಪೀಕರಿಗೇ ಕೊಡುತ್ತದೆ. ಅಂಗೈಯಗಲದ ಬೋರ್ಡು, ಅದಕ್ಕೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್, ಪೆಟ್ಟಿಗೆಯ ಹಿಂಬದಿಯಲ್ಲಿ ಕೆಳಗೊಂದು ಮೇಲೊಂದು ಗಾಳಿಕಿಂಡಿ ಇದ್ದರೆ ಫ್ಯಾನಿನ ಹಂಗೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಬೋರ್ಡುಗಳು ಸಿಗುತ್ತವೆ.

ಸ್ಪೀಕರನ್ನು ಮಾತ್ರ ಪೀಠದೊಳಗೆ ಇಡಬಾರದು. ಕೂತವರ ಕಾಲು ಮತ್ತು ಬಟ್ಟೆ ದನಿಗೆ ಅಡ್ಡ ಬರುತ್ತವೆ. ತಗ್ಗುಸ್ವರಗಳು ಮರದ ಮೂಲಕ ಬೆನ್ನುಹುರಿಗೆ ಏರುತ್ತವೆ, ಕಿವಿಗೆ ಕೇಳುವುದು ಬೇರೆ, ಮೈಗೆ ತಾಗುವುದು ಬೇರೆ ಆಗುತ್ತದೆ. ಅದೇ ಕಂಪನ ಗಿಟಾರಿಗೂ ಹತ್ತಿ ಕೂಗು ಎಬ್ಬಿಸಬಹುದು. ಸ್ಪೀಕರ್ ಪೆಟ್ಟಿಗೆ ಬೇರೆಯೇ ಇರಲಿ, ವಾದಕರಿಗೂ ಪಕ್ಕವಾದ್ಯದವರಿಗೂ ಕೇಳುವ ಕಡೆ ಮುಖ ಮಾಡಿರಲಿ. ಪೀಠದಲ್ಲಿ ಸಿಗ್ನಲ್ ಮತ್ತು ಶಕ್ತಿ, ಹೊರಗೆ ದನಿ ಎಂಬ ಹಂಚಿಕೆಯೇ ಸರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಶಾಕ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಅರ್ಥಿಂಗಿಗೆ ಜೋಡಣೆಯಾಗಿರುತ್ತವೆ. ವಾದಕರ ಎಡಗೈಯಲ್ಲಿ ಉಕ್ಕಿನ ಬಾರ್, ಬಲಗೈ ಬೆರಳುಗಳಲ್ಲಿ ಲೋಹದ ಪಿಕ್. ಹೀಗೆ ಎರಡೂ ಕೈ ಲೋಹಕ್ಕೆ ಅಂಟಿಕೊಂಡಿರುವಾಗ ವೈರಿಂಗ್‌ನಲ್ಲಿ ದೋಷವಿದ್ದರೆ ಕರೆಂಟು ಎದೆಯನ್ನು ಹಾದು ಹೋಗಬಹುದು. ಊರಹಬ್ಬದ ಪೆಂಡಾಲುಗಳಲ್ಲಿ ತ್ರೀ-ಪಿನ್ ಪ್ಲಗ್ಗನ್ನು ಟೂ-ಪಿನ್ ಹೋಲ್ಡರಿಗೆ ಸಿಕ್ಕಿಸುವುದು, ಹಮ್ ಹೋಗಲೆಂದು ಅರ್ಥ್ ವೈರನ್ನೇ ಕತ್ತರಿಸುವುದು ಸಾಮಾನ್ಯವಾಗಿಬಿಟ್ಟಿದೆ. ಹಾಗೆ ಎಂದಿಗೂ ಮಾಡಬಾರದು. ಅರ್ಥಿಂಗ್ ಜೀವ ಉಳಿಸುವ ತಂತಿ. ಎರಡು ಅರ್ಥಿಂಗ್‌ಗಳ ನಡುವೆ ಹಮ್ ಬರುತ್ತಿದ್ದರೆ ಸಿಗ್ನಲ್ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ ಬಿಡಿಸಿಕೊಳ್ಳಬೇಕು. ಪೀಠಕ್ಕೆ ಮೇನ್ಸ್ ಕೊಡುವುದಾದರೆ 30 ಮಿಲಿಆಂಪಿಯರ್ ಕರೆಂಟು ಸೋರಿದರೂ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಆರ್‌ಸಿಸಿಬಿ, ಸರಿಯಾದ ಫ್ಯೂಸ್, ಲೋಹದ ಭಾಗಗಳಿಗೆಲ್ಲ ಅರ್ಥಿಂಗ್ ಇರಲೇಬೇಕು. 230 ವೋಲ್ಟಿನ ಮೇಲೆ ಮನುಷ್ಯರು ಕೂರುತ್ತಾರೆ ಎಂಬುದನ್ನು ಮಾಡುವವರು ಒಂದು ಕ್ಷಣವೂ ಮರೆಯುವಂತಿಲ್ಲ.

ತುಮಕೂರು ರಸ್ತೆಗೆ ನಾದ ಹೊಸತಲ್ಲ

ಸಂಗೀತಕ್ಕೂ ಕಾರ್ಖಾನೆಗಳ ಈ ಪಟ್ಟಿಗೂ ಏನು ನಂಟು ಎಂದು ಕೇಳಿದರೆ ಉತ್ತರ ಉದ್ದವಿದೆ. ಇದೇ ರಸ್ತೆಯ ಮಗ್ಗುಲಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್ ರೇಡಿಯೊ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸಿತು. ಅದು ಮಾಡಿದ ಇಎಲ್84, ಇಸಿಸಿ83 ವಾಲ್ವ್‌ಗಳು ಗಿಟಾರ್ ಆಂಪ್ಲಿಫೈಯರುಗಳ ಹೃದಯಭಾಗದಲ್ಲಿರುವ ಜಾತಿಯವೇ. ಹಳೆಯ ಆಂಪ್ಲಿಫೈಯರ್ ಪ್ರಿಯರು ಅವನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ನಗರದ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ನೆಲೆ ಇರುವ ರಾಡೆಲ್ ಸಂಸ್ಥೆಯ ಕಥೆ ಇನ್ನೂ ಹತ್ತಿರದ್ದು. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಸ್ವತಃ ಕೊಳಲು ನುಡಿಸುವ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಇಂದು ಕರ್ನಾಟಕ ಸಂಗೀತವಿರಲಿ, ಹಿಂದೂಸ್ತಾನಿ ಇರಲಿ, ಯಕ್ಷಗಾನದ ಭಾಗವತರಿರಲಿ, ಪಕ್ಕದಲ್ಲೊಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಲ್ಲದ ವೇದಿಕೆ ಅಪರೂಪ. 2002ರಲ್ಲಿ ಅದೇ ಸಂಸ್ಥೆ ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆ ತಂದಿತು. ಆಂಪ್ಲಿಫೈಯರ್, ಸ್ಪೀಕರ್, ತಂಬೂರಿ ಮೂರೂ ಅದರಲ್ಲೇ ಅಡಕ. ಮೆಟ್ಟಿಲುಗಳಿಗೆ ಮೇಣದ ಗೊಡವೆ ಇಲ್ಲ. ಬಿಡಿಸಿ ಒಯ್ಯಬಹುದು, ಬ್ಯಾಟರಿಯಲ್ಲೂ ನಡೆಯುತ್ತದೆ. ಸಂಗೀತ ಬಲ್ಲ ಎಂಜಿನಿಯರೊಬ್ಬರು ವಾದಕರ ಕಷ್ಟವನ್ನು ಒಳಗಿನಿಂದ ನೋಡಿದರೆ ಎಂಥದ್ದು ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೂತು ಕಾಲಿನಿಂದಲೂ ದುಡಿಯುವ ವಾದಕರನ್ನು ನಾವು ಮೊದಲೇ ಬಲ್ಲೆವು. ಮಾಕಳಿಯಿಂದ ಇದೇ ಹೆದ್ದಾರಿಯಲ್ಲಿ ತುಮಕೂರಿಗೆ ಹೋಗಿ, ಅಲ್ಲಿಂದ ಬೇರೆ ರಸ್ತೆ ಹಿಡಿದರೆ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಉತ್ತರ ಕರ್ನಾಟಕದ ನಾಟಕ ಮಂಡಳಿಗಳವರೆಗೆ ರಂಗಸಂಗೀತದ ಬೆನ್ನೆಲುಬು ಕಾಲು ಹಾರ್ಮೋನಿಯಂ. ವಾದಕರು ಪೀಠದ ಮೇಲೆ ಕೂತು ಕಾಲಲ್ಲಿ ತಿದಿ ಒತ್ತುತ್ತ, ಎರಡೂ ಕೈಯನ್ನು ಮನೆಗಳ ಮೇಲೆ ಓಡಿಸುತ್ತಿದ್ದರು. ರಂಗದ ಕಡೆಗೆ ಕಣ್ಣು, ನಟರ ಶ್ರುತಿಗೆ ಕಿವಿ. ಅವರಿಗೂ ಪೀಠದ ಎತ್ತರ ಸರಿಯಿಲ್ಲದಿದ್ದರೆ ಸೊಂಟ, ತೊಡೆ, ಲಯ ಮೂರೂ ಕೆಡುತ್ತಿದ್ದವು.

ನೆಲದ ಮೇಲೆ ಕೂರುವವರಿಗೆ

ನಮ್ಮ ಬಹುತೇಕ ವಾದಕರು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುತ್ತಾರೆ. ಅಮೆರಿಕದ ಪೆಟ್ಟಿಗೆ-ಪೀಠವನ್ನು ಹಾಗೇ ತಂದಿಟ್ಟರೆ ಅವರಿಗೆ ಉಪಯೋಗವಿಲ್ಲ. ಆದರೆ ಪೆಡಲ್ ಸ್ಟೀಲ್ ವಾದಕರಿಗಿರುವ ಸಲಕರಣೆ ಮತ್ತು ಕೇಬಲ್‌ಗಳ ತೊಂದರೆಯೇ ಅವರಿಗೂ ಇದೆ. ಯಾವುದೇ ವೀಣೆ ಅಥವಾ ಸ್ಲೈಡ್ ಗಿಟಾರ್ ಕಚೇರಿಯ ವೇದಿಕೆಯನ್ನು ಹತ್ತಿರದಿಂದ ನೋಡಿ. ಜಮಖಾನದ ಮೇಲೆ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಅದಕ್ಕೆ ತಂಬೂರಿಯ ಅಡಾಪ್ಟರು, ಪ್ರೀಆಂಪಿನ ಅಡಾಪ್ಟರು, ಪಕ್ಕದಲ್ಲಿ ಮೊಬೈಲ್ ಚಾರ್ಜರು. ಕಾಂಟ್ಯಾಕ್ಟ್ ಮೈಕಿನ ಸಣ್ಣ ವೈರು ಕುಡದಿಂದ ಹೊರಟು ಸೀರೆಯ ಅಂಚಿನಡಿಯೋ ಪಂಚೆಯ ಮಡಿಕೆಯಡಿಯೋ ಹಾದು ಹೋಗಿರುತ್ತದೆ. ಸದ್ದು ತುಸು ಏರಿಸಬೇಕೆಂದರೆ ವಾದಕರು ಪಕ್ಕಕ್ಕೆ ಬಾಗಿ ಗುಬುಟು ಹುಡುಕಬೇಕು. ಆಲಾಪನೆ ಅಲ್ಲಿಗೆ ತುಂಡಾಗುತ್ತದೆ.

ಇವರಿಗೆ ಬೇಕಾದದ್ದು ತಗ್ಗಾದ ಮಣೆ-ಪೀಠ. ಹತ್ತು-ಹನ್ನೆರಡು ಸೆಂಟಿಮೀಟರ್ ಎತ್ತರ, ಒಬ್ಬರು ಆರಾಮವಾಗಿ ಕೂರುವಷ್ಟು ಅಗಲ. ಹಿಂಬದಿಯಲ್ಲಿ ಬ್ಯಾಟರಿಯ ಗೂಡು, ಎಡಬದಿಯಲ್ಲಿ ಎಳೆಯುವ ಖಾನೆ, ಅದರಲ್ಲಿ ಬಫರ್ ಪ್ರೀಆಂಪ್ ಮತ್ತು ತಂಬೂರಿ. ವಾದ್ಯದಿಂದ ಒಂದೇ ಕೇಬಲ್ ಒಳಗೆ, ಧ್ವನಿವರ್ಧಕದವರಿಗೆ ಒಂದೇ ಕೇಬಲ್ ಹೊರಗೆ. ವಾಲ್ಯೂಮ್ ಮತ್ತು ತಂಬೂರಿಯ ಗುಬುಟುಗಳು ಮೊಣಕಾಲಿನ ಪಕ್ಕ, ಕಣ್ಣು ಹಾಯಿಸದೆ ಬೆರಳಿಗೆ ಸಿಗುವ ಜಾಗದಲ್ಲಿ. ತುಸು ಎತ್ತರದ ಪೀಠದ ಮೇಲೆ ಕೂತರೆ ಮೊಣಕಾಲು ಸೊಂಟಕ್ಕಿಂತ ಕೆಳಗೆ ಉಳಿಯುತ್ತದೆ, ಬೆನ್ನಿಗೂ ಆರಾಮ. ದೀರ್ಘಕಾಲ ಕೂತು ನುಡಿಸುವ ಹಿರಿಯ ವಾದಕರಿಗೆ ಇದೊಂದೇ ಕಾರಣಕ್ಕೂ ಇಂಥ ಪೀಠ ಬೇಕು.

ಮಾಡುವ ಬಗೆ ಕಷ್ಟದ್ದೇನಲ್ಲ, ಶಿಸ್ತಿನದು. ಕುರ್ಚಿ ಎತ್ತರದ ಪೀಠಕ್ಕೆ 18 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈವುಡ್, ಮೂಲೆಗಳಿಗೆ ಒಳಗಿನಿಂದ ಮರದ ಪಟ್ಟಿ ಕೊಟ್ಟು ಅಂಟು ಮತ್ತು ಸ್ಕ್ರೂ. ಕೂತವರ ಭಾರ ನಾಲ್ಕು ಗೋಡೆಗಳ ಮೂಲಕ ನೆಲಕ್ಕೆ ಇಳಿಯಬೇಕು. ಮುಚ್ಚಳಕ್ಕೆ ಯಾವ ಸಲಕರಣೆಯನ್ನೂ ನೇತುಹಾಕಬಾರದು. ಭಾರದ ಸಾಮಾನು ತಳದಲ್ಲಿ, ಸೂಕ್ಷ್ಮದ್ದು ಮೇಲೆ. ಎಲೆಕ್ಟ್ರಾನಿಕ್ಸ್ ಪೂರ್ತಿಯಾಗಿ ಒಂದು ಲೋಹದ ತಟ್ಟೆಯ ಮೇಲೆ ಕೂತು, ನಾಲ್ಕು ರಬ್ಬರ್ ಬುಷ್ ಮೇಲೆ ನಿಲ್ಲಬೇಕು. ರಿಪೇರಿಗೆ ಆ ತಟ್ಟೆಯೊಂದನ್ನೇ ಹೊರಗೆಳೆಯುವಂತಿರಬೇಕು. ಮುಚ್ಚಳಕ್ಕೆ ಉದ್ದದ ಪಿಯಾನೊ ಹಿಂಜ್, ಅಂಚಿಗೆ ತೆಳುವಾದ ಫೆಲ್ಟ್ ಪಟ್ಟಿ. ಇವಿಲ್ಲದಿದ್ದರೆ ಯಾವುದೋ ಒಂದು ಸ್ವರಕ್ಕೆ ಮುಚ್ಚಳ ಟರ್‌ರ್ ಎನ್ನುತ್ತದೆ.

ಇದರಲ್ಲಿ ಯಾವ ಕೆಲಸಕ್ಕೂ ಮಾಕಳಿಯವರು ದೂರ ಹೋಗಬೇಕಿಲ್ಲ. ತಟ್ಟೆ ಕತ್ತರಿಸಿ ಬಗ್ಗಿಸುವುದು ಪೀಣ್ಯದ ಸಣ್ಣ ಶೆಡ್ಡುಗಳಿಗೆ ನಿತ್ಯದ ಕೆಲಸ. ಲೇತ್ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಕಡೆದು, ಕನ್ನಡಿಯಂತೆ ಪಾಲಿಶ್ ಮಾಡುವವರು ಸ್ಟೀಲ್ ಗಿಟಾರಿನ ಬಾರನ್ನೂ ಮಾಡಿಕೊಡಬಲ್ಲರು. ಮರದ ಕಡೆಗೆ ಬಂದರೆ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಟುಂಬಗಳಿವೆ. ನಾದಕ್ಕೆ ಮರ ಹೇಗೆ ಮಾತಾಡುತ್ತದೆ ಎಂದು ಬಲ್ಲ ಕೈ ಅವರದು. ಯಂತ್ರ ಬಲ್ಲವರು ಒಂದು ಕಡೆ, ಮರ ಬಲ್ಲವರು ಇನ್ನೊಂದು ಕಡೆ, ಸಂಗೀತ ಬಲ್ಲವರು ನಗರದ ಒಳಗೆ. ಮೂವರೂ ಅಕ್ಕಪಕ್ಕದಲ್ಲೇ ಇದ್ದು ಒಬ್ಬರಿಗೊಬ್ಬರು ಸಿಗದಿರುವುದೇ ಕೊರತೆ. ಪಾಲಿಟೆಕ್ನಿಕ್ ಮತ್ತು ಐಟಿಐ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಥದ್ದನ್ನು ಕೈಗೆತ್ತಿಕೊಳ್ಳಲಿ. ಒಬ್ಬ ವೀಣಾ ವಾದಕರನ್ನೋ ಭಾಗವತರನ್ನೋ ಮೊದಲ ದಿನದಿಂದಲೇ ಜತೆಗೆ ಕೂರಿಸಿಕೊಳ್ಳಲಿ.

ಆಮೇಲೆ ಪರೀಕ್ಷೆ. ವಾದಕರು ಆ ಪೀಠದ ಮೇಲೆ ಕೂತು ಒಂದು ಪೂರ್ತಿ ಕಚೇರಿ ನುಡಿಸಬೇಕು. ತಂಬೂರಿ ನಿಲ್ಲಿಸಿ ಕೈ ತಂತಿಯ ಮೇಲಿಟ್ಟಾಗ ಸ್ಪೀಕರಿನಲ್ಲಿ ಗುಂಯ್ ಕೇಳಬಾರದು. ದಿಂಬಿನ ಕೆಳಗೆ ಕೈ ಇಟ್ಟರೆ ಬಿಸಿ ತಾಗಬಾರದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಆ ಕ್ಷಣವೇ ಕರೆಂಟು ಹೋಗಬೇಕು. ಕಚೇರಿ ಮುಗಿದು ಎದ್ದಾಗ ಸೊಂಟ ನೋಯಬಾರದು. ಈ ನಾಲ್ಕರಲ್ಲೂ ಗೆದ್ದ ಪೀಠದ ತಳದಲ್ಲಿ ಮಾಕಳಿಯ ವಿಳಾಸ ಅಚ್ಚಾಗಲಿ.